ಸಂಬಳವಿಲ್ಲದೆ ದುಡಿದವರು: ಸಹಕಾರ ಸಂಘಗಳು ಬೆಳೆದು ಬಂದ ದಾರಿ

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತಸದ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಸಹಕಾರ ಚಳವಳಿಯ ಇತಿಹಾಸ ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದರು. ನಿವೃತ್ತ ಮೇಷ್ಟ್ರಿಗೆ ಇಂಥ ಕೆಲಸ ತಪ್ಪುವುದಿಲ್ಲ. ಒಪ್ಪಿಕೊಂಡೆ. ಆದರೆ ಬರೀ ಇಸವಿಗಳ ಪಟ್ಟಿ ಕೊಟ್ಟರೆ ಯಾರೂ ಓದುವುದಿಲ್ಲ ಅನ್ನೋದು ನನಗೆ ಗೊತ್ತು. ಆದ್ದರಿಂದ ಒಂದು ಪ್ರಶ್ನೆ ಇಟ್ಟುಕೊಂಡು ಬರೆಯುತ್ತೇನೆ.

ಆ ಪ್ರಶ್ನೆ ಹುಟ್ಟಿದ್ದು ನಮ್ಮ ಕಳೆದ ವಾರ್ಷಿಕ ಮಹಾಸಭೆಯಲ್ಲಿ. ಹನ್ನೊಂದು ಗಂಟೆಗೆ ಸಭೆ. ಶಾಮಿಯಾನ ಹಾಕಿತ್ತು, ಕುರ್ಚಿ ಹಾಕಿತ್ತು, ಉಪ್ಪಿಟ್ಟು ಕೇಸರಿಬಾತು ತಯಾರಾಗಿತ್ತು. ಸದಸ್ಯರು ಮಾತ್ರ ಬಂದಿರಲಿಲ್ಲ. ಕೋರಂ ಇಲ್ಲದ ಕಾರಣ ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ ಅಷ್ಟೇ ಜನರನ್ನು ಕೂರಿಸಿಕೊಂಡು ಸಭೆ ನಡೆಸಿದೆವು. ಜಮಾ ಖರ್ಚು ಓದಿದಾಗ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಮುಂದಿನ ಚುನಾವಣೆಗೆ ಹೊಸಬರು ಯಾರಾದರೂ ನಿಲ್ಲಿ ಅಂದರೆ, "ನಮಗ್ಯಾಕೆ ಸಾರ್, ಈಗಿರೋರೇ ಚೆನ್ನಾಗಿ ಮಾಡ್ತಾವ್ರೆ" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸಭೆಗೆ ಬಂದ ದಿನ ಕೊಡುವ ಸಭಾ ಭತ್ಯೆ ಬಿಟ್ಟರೆ ನಿರ್ದೇಶಕರಿಗೆ ಸಿಗುವುದೇನೂ ಇಲ್ಲ. ಆದರೂ ಇಪ್ಪತ್ತೈದು ವರ್ಷ ಕೆಲವರು ತಮ್ಮ ಹೊಲ ಮನೆ ಕೆಲಸ ಬಿಟ್ಟು ಇದಕ್ಕೆ ದುಡಿದರು. ಯಾಕೆ ದುಡಿದರು? ಹಾಗೆ ದುಡಿದದ್ದರಿಂದ ಊರಿಗೆ ಆದದ್ದೇನು? ಇಂಥವರು ಬರುವುದು ನಿಂತರೆ ಏನಾಗುತ್ತದೆ? ಇದಕ್ಕೆ ಉತ್ತರ ನಮ್ಮ ಊರಿನಲ್ಲೂ ಇದೆ, ಇತಿಹಾಸದಲ್ಲೂ ಇದೆ.

ಬಿಟ್ಟಿ, ಮುಯ್ಯಿ, ಸೇವೆ

ಕೂಲಿ ಇಲ್ಲದೆ ಮಾಡುವ ದುಡಿಮೆಗೆ ನಮ್ಮ ಮಾತಿನಲ್ಲಿ ಮೂರು ಹೆಸರುಗಳಿವೆ. ಮೂರೂ ಬೇರೆ ಬೇರೆ.

ಮೊದಲನೆಯದು ಬಿಟ್ಟಿ. ಅಧಿಕಾರಿಯೋ ಜಮೀನುದಾರನೋ ಕರೆದಾಗ ಹೋಗಲೇಬೇಕು, ಗಾಡಿ ಹೂಡಲೇಬೇಕು, ಹೊರೆ ಹೊರಲೇಬೇಕು. ಕೂಲಿ ಕೇಳುವ ಹಾಗಿಲ್ಲ. ಇದರ ಭಾರವೆಲ್ಲ ಬಿದ್ದದ್ದು ಊರಿನ ಕಡೆಯ ಕೇರಿಯವರ ಮೇಲೆ. ಅದನ್ನು ಸೇವೆ ಎಂದು ಕರೆದರೆ ಅವರಿಗೆ ಅವಮಾನ ಮಾಡಿದ ಹಾಗೆ. ಸ್ವತಂತ್ರ ಭಾರತದ ಸಂವಿಧಾನ ತನ್ನ 23ನೇ ವಿಧಿಯಲ್ಲಿ ಇಂಥ ದುಡಿಮೆಯನ್ನು ನಿಷೇಧಿಸಿತು.

ಎರಡನೆಯದು ಮುಯ್ಯಿ. ಇವತ್ತು ನಿಮ್ಮ ರಾಗಿ ಕೊಯ್ಲಿಗೆ ನಾವು ನಾಲ್ಕು ಆಳು ಬರುತ್ತೇವೆ, ನಾಳೆ ನಮ್ಮದಕ್ಕೆ ನೀವು ನಾಲ್ಕು ಆಳು ಬನ್ನಿ. ಮುಯ್ಯಾಳು ಪದ್ಧತಿಯಲ್ಲಿ ದುಡ್ಡು ಓಡಾಡುವುದಿಲ್ಲ, ಲೆಕ್ಕ ಮಾತ್ರ ಪಕ್ಕಾ. ಯಾರ ಮನೆಗೆ ಎಷ್ಟು ಆಳು ಹೋಗಿತ್ತು ಅಂತ ಮನೆಯ ಹೆಂಗಸರಿಗೆ ಬಾಯಿಪಾಠ. ಮುಯ್ಯಿ ತೀರಿಸದವನ ಕಣಕ್ಕೆ ಮುಂದಿನ ವರ್ಷ ಯಾರೂ ಕಾಲಿಡುವುದಿಲ್ಲ.

ಮೂರನೆಯದು ಸೇವೆ. ಜಾತ್ರೆಯಲ್ಲಿ ಅನ್ನ ಬಡಿಸುವುದು, ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು, ಯಾರಿಗೋ ಕಷ್ಟ ಬಂದಾಗ ಕರೆಯದೆಯೇ ಹೋಗಿ ನಿಲ್ಲುವುದು. ಇಲ್ಲಿ ವಾಪಸು ಬರಬೇಕೆಂಬ ಲೆಕ್ಕ ಇಲ್ಲ.

ನಮ್ಮ ಹಿರಿಯರು ಈ ಮೂರರ ಗುಣವನ್ನೂ ಬಲ್ಲವರಾಗಿದ್ದರು. ಕೆರೆಯನ್ನೇ ನೋಡಿ. ಕೆರೆ ಕಟ್ಟಿದವರಿಗೆ, ಕಟ್ಟಿದ ಕೆರೆಯನ್ನು ನೋಡಿಕೊಳ್ಳುವವರಿಗೆ ಭೂಮಿ ಬಿಡುತ್ತಿದ್ದರೆಂದು ಕನ್ನಡನಾಡಿನ ಶಾಸನಗಳು ಹೇಳುತ್ತವೆ. ಕಟ್ಟುಗೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ಬರುವುದು ಇದಕ್ಕೇ. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಗೆ ಪ್ರತಿ ಸುಗ್ಗಿಯಲ್ಲಿ ಕಣದಿಂದ ಪಾಲು ಹೋಗುತ್ತಿತ್ತು. ಅಂದರೆ ದಿನನಿತ್ಯ ಮಾಡಬೇಕಾದ ಕೆಲಸವನ್ನು ಬರೀ ಒಳ್ಳೆಯತನದ ಮೇಲೆ ಬಿಡಬಾರದು, ಮಾಡುವವನಿಗೆ ಊರು ಏನಾದರೂ ಹಿಂತಿರುಗಿಸಬೇಕು ಅನ್ನುವ ತಿಳಿವಳಿಕೆ ಅವರಿಗಿತ್ತು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೊನೆಯಲ್ಲಿ ಮತ್ತೆ ಬರುತ್ತದೆ.

ಸಹಕಾರ ಸಂಘ ಅನ್ನುವುದು ಮುಯ್ಯಿ ಮತ್ತು ಸೇವೆ ಎರಡನ್ನೂ ಸೇರಿಸಿ, ಕಾನೂನಿನ ಚೌಕಟ್ಟಿನಲ್ಲಿ ಕೂರಿಸಿದ ಏರ್ಪಾಡು. ಆದರೆ ಇದನ್ನು ಕಂಡುಕೊಂಡದ್ದು ಸುಲಭದಲ್ಲಲ್ಲ. ಆ ಕಥೆಗೆ ಸ್ವಲ್ಪ ದೂರ, ಜರ್ಮನಿ ದೇಶದ ತನಕ ಹೋಗಬೇಕು. ಯಾಕೆಂದರೆ ನಮ್ಮ ಪತ್ತಿನ ಸಂಘಗಳ ತಾಯಿಬೇರು ಅಲ್ಲಿದೆ.

ಹಸಿವಿನ ಚಳಿಗಾಲ

1846-47ರ ಚಳಿಗಾಲ. ಯೂರೋಪಿನಲ್ಲಿ ಆಲೂಗೆಡ್ಡೆಗೆ ರೋಗ ಬಿದ್ದಿತ್ತು, ಧಾನ್ಯದ ಬೆಳೆಯೂ ಕೈಕೊಟ್ಟಿತ್ತು. ರೈನ್ ನದಿಯ ಕಡೆ ವೈಯರ್‌ಬುಷ್ ಎಂಬ ಹಳ್ಳಿ. ಅದಕ್ಕೂ ಸುತ್ತಲಿನ ಹಳ್ಳಿಗಳಿಗೂ ಮೇಯರ್ ಆಗಿದ್ದವನು ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್. 1818ರಲ್ಲಿ ಹುಟ್ಟಿದವನು, ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಸರ್ಕಾರ ಹಿಟ್ಟು ಕಳಿಸಿತು, ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಕೊಡಬೇಕೆಂದು ಹೇಳಿತು. ರೊಕ್ಕ ಇದ್ದವರು ಹಸಿದಿರಲಿಲ್ಲ, ಹಸಿದವರ ಹತ್ತಿರ ರೊಕ್ಕ ಇರಲಿಲ್ಲ. ರೈಫೈಸನ್ ಆ ಆಜ್ಞೆಯನ್ನು ಪಕ್ಕಕ್ಕಿಟ್ಟು ಸಾಲವಾಗಿ ಹಂಚಿದ. ಅನುಕೂಲಸ್ಥರನ್ನು ಸೇರಿಸಿ ಒಂದು ಬ್ರೆಡ್ ಸಂಘ ಮಾಡಿದ. ಊರಿಗೊಂದು ಒಲೆಮನೆ ಕಟ್ಟಿ ಅಲ್ಲೇ ಬ್ರೆಡ್ ಸುಟ್ಟು ಕಡಿಮೆ ಬೆಲೆಗೆ ಕೊಟ್ಟರು. ಆ ಚಳಿಗಾಲ ಜನ ಬದುಕಿಕೊಂಡರು.

ಆಮೇಲೆ ಅವನಿಗೆ ಬೇರೆ ಬೇರೆ ಊರುಗಳಿಗೆ ವರ್ಗವಾಯಿತು. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ ಬಡ ರೈತರಿಗೆ ದನ ಕೊಡಿಸುವ ಸಂಘ ಮಾಡಿದ. ಆ ಕಾಲದಲ್ಲಿ ದನದ ಮೇಲೆ ಸಾಲ ಕೊಡುವ ವ್ಯಾಪಾರಿಗಳು ರೈತರನ್ನು ಹಿಂಡುತ್ತಿದ್ದರು. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಒಂದು ಧರ್ಮಸಂಘ ಮಾಡಿದ. ಅನಾಥ ಮಕ್ಕಳು, ಜೈಲಿನಿಂದ ಬಿಡುಗಡೆಯಾದವರು, ಸಾಲದವರು ಎಲ್ಲರಿಗೂ ಸಹಾಯ. ಉದ್ದೇಶ ಬಹಳ ದೊಡ್ಡದು. ಆದರೆ ಎಲ್ಲ ಕಡೆಯೂ ಆದದ್ದು ಒಂದೇ. ಮೊದಲ ಎರಡು ಮೂರು ವರ್ಷ ಅನುಕೂಲಸ್ಥರು ಉತ್ಸಾಹದಿಂದ ಬಂದರು, ಆಮೇಲೆ ಒಬ್ಬೊಬ್ಬರೇ ಹಿಂದೆ ಸರಿದರು. ಕೊಡುವವರಿಗೆ ದಣಿವಾಯಿತು. ತೆಗೆದುಕೊಳ್ಳುವವರಿಗೆ ಸಂಘ ತಮ್ಮದೆನ್ನಿಸಲಿಲ್ಲ.

ರೈಫೈಸನ್ ಮನಸ್ಸಿಗೆ ಹಿಡಿಸದಿದ್ದರೂ ಒಂದು ಸತ್ಯವನ್ನು ಒಪ್ಪಿಕೊಂಡ. ಉಳ್ಳವರ ದಯೆಯ ಮೇಲೆ ನಿಂತ ಸಂಘ ಬಾಳುವುದಿಲ್ಲ. ಸಾಲ ಬೇಕಾದವರೇ ಸದಸ್ಯರಾಗಬೇಕು, ಅವರೇ ಜವಾಬುದಾರರಾಗಬೇಕು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಹೊಸ ರೀತಿಯ ಸಾಲ ಸಂಘ ಶುರುವಾಯಿತು. ಅದರ ಕಟ್ಟುಪಾಡುಗಳನ್ನು ಕೇಳಿದರೆ ನಮ್ಮ ಹಳ್ಳಿಯವರಿಗೆ ಹೊಸದೆನ್ನಿಸುವುದಿಲ್ಲ. ಒಂದು ಸಂಘಕ್ಕೆ ಒಂದು ಪುಟ್ಟ ಸರಹದ್ದು, ಒಬ್ಬರನ್ನೊಬ್ಬರು ಬಲ್ಲಷ್ಟು ಜನ. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಸಮಸ್ತ ಆಸ್ತಿಯೊಡನೆ ಹೊಣೆ. ಲಾಭ ಹಂಚಿಕೊಳ್ಳುವ ಹಾಗಿಲ್ಲ, ಅದು ಯಾರೂ ಮುಟ್ಟಲಾಗದ ಕಾದಿಟ್ಟ ನಿಧಿಗೆ. ಆಡಳಿತ ಮಂಡಳಿಯವರಿಗೆ ಸಂಬಳ ಇಲ್ಲ, ಗೌರವ ಸೇವೆ. ಲೆಕ್ಕ ಬರೆಯುವವನಿಗೆ ಮಾತ್ರ ಸಂಭಾವನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಎಲ್ಲರ ಆಸ್ತಿಯೂ ಹೊಣೆಯಾದಾಗ ಪಕ್ಕದ ಮನೆಯವನ ಸಾಲ ನನ್ನ ಚಿಂತೆಯಾಗುತ್ತದೆ. ಅವನು ಹಸು ತರುತ್ತೇನೆ ಅಂತ ಸಾಲ ಪಡೆದು ಹಸು ತಂದನೇ ಇಲ್ಲವೇ ಅಂತ ನಾನು ನೋಡುತ್ತೇನೆ. ಅವನ ಹಸು ಸತ್ತರೆ ಅವನಿಗೆ ವಾಯಿದೆ ಕೊಡಿಸಲು ಸಭೆಯಲ್ಲಿ ನಾನೇ ಮಾತಾಡುತ್ತೇನೆ. ಅಂದರೆ ಮಂಡಳಿಯ ಐದಾರು ಜನ ಮಾತ್ರವಲ್ಲ, ಪ್ರತಿ ಸದಸ್ಯನೂ ಸಂಬಳವಿಲ್ಲದ ಕೆಲಸಗಾರ. ಸಂಘ ನಡೆಯುವುದು ಈ ಎಲ್ಲರ ಸಣ್ಣ ಸಣ್ಣ ದುಡಿಮೆಯಿಂದ.

ರೈಫೈಸನ್ ಸ್ವಂತ ಬದುಕು ಸುಖದ್ದಲ್ಲ. ಹೆಂಡತಿ 1863ರಲ್ಲಿ ತೀರಿಕೊಂಡಳು. ಕಣ್ಣು ಮಂಜಾಗಿ 1865ರಲ್ಲಿ ಕೆಲಸದಿಂದ ನಿವೃತ್ತನಾಗಬೇಕಾಯಿತು. ಮಗಳು ಅಮಾಲಿ ಅವನಿಗೆ ಕಣ್ಣಾದಳು, ಅವನು ಹೇಳಿದ್ದನ್ನು ಬರೆದಳು. 1866ರಲ್ಲಿ ಬಂದ ಅವನ ಪುಸ್ತಕದಿಂದ ಈ ಸಾಲ ಸಂಘಗಳ ವಿಚಾರ ಊರೂರಿಗೆ ಹಬ್ಬಿತು. 1888ರಲ್ಲಿ ಅವನು ಕಣ್ಣುಮುಚ್ಚಿದ. ಚಳವಳಿ ಅಂದಾಗ ನಾವು ಒಬ್ಬನ ಹೆಸರು ಹೇಳುತ್ತೇವೆ. ಅಮಾಲಿಯಂಥವರ ಹೆಸರು ಹೇಳುವುದೇ ಇಲ್ಲ.

ಕಣಗಿನಹಾಳದ ಗೌಡರು, ಪುತ್ತೂರಿನ ವಕೀಲರು

ಅದೇ ಕಾಲಕ್ಕೆ ನಮ್ಮ ದೇಶದ ರೈತನ ಕೊರಳಿಗೂ ಸಾಲದ ಹಗ್ಗ ಬಿದ್ದಿತ್ತು. 1875ರಲ್ಲಿ ಪುಣೆಯ ಹತ್ತಿರದ ಸುಪಾ ಗ್ರಾಮದಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಗಲಭೆ ಸುತ್ತಲಿನ ಊರುಗಳಿಗೂ ಹಬ್ಬಿತು. ಕಾನೂನು ಬಂತು, ಸಾಲ ಹೋಗಲಿಲ್ಲ. ಮದ್ರಾಸ್ ಸರ್ಕಾರ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ರೈತ ಬ್ಯಾಂಕುಗಳನ್ನು ನೋಡಿಬರಲು ನೇಮಿಸಿತು. 1895 ಮತ್ತು 1897ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಅವನ ದೊಡ್ಡ ವರದಿಯ ಸಾರಾಂಶ ಬಹಳ ಚಿಕ್ಕದು. ರೈಫೈಸನ್‌ನಂಥವರನ್ನು ಹುಡುಕಿ ಅನ್ನುವುದೇ ಅದು. ಕಾನೂನಿಗಿಂತ, ಹಣಕ್ಕಿಂತ ಮೊದಲು ಊರಿನಲ್ಲಿ ಅಂಥ ಮನುಷ್ಯ ಬೇಕು ಅನ್ನುವುದು ಅವನ ಅಭಿಪ್ರಾಯ.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂತು. ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರೇ ಆಗಿರಬೇಕು, ಹೊಣೆ ಅಪರಿಮಿತ, ಲಾಭ ಕಾದಿಟ್ಟ ನಿಧಿಗೆ. ಎಲ್ಲವೂ ರೈಫೈಸನ್ ಕಟ್ಟುಪಾಡು.

ಈ ಕಾಯಿದೆಯನ್ನು ಕೈಗೆತ್ತಿಕೊಂಡವರಲ್ಲಿ ನಮ್ಮ ನಾಡಿನವರು ಮುಂದಿದ್ದರು ಅನ್ನುವುದು ಹೆಮ್ಮೆಯ ಸಂಗತಿ. ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರ ಮೇ 8ರಂದು ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಇದು ದೇಶದಲ್ಲೇ ಮೊದಲನೆಯದೆಂದು ನಾವು ಹೇಳುತ್ತೇವೆ. ತಮಿಳುನಾಡಿನವರು ತಮ್ಮ ತಿರೂರಿನ ಸಂಘ 1904ರಲ್ಲೇ ಆಯಿತೆಂದು ಹೇಳುತ್ತಾರೆ. ಆ ವಾದ ಇಲ್ಲಿ ಬೇಡ. ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಪಾಟೀಲರು ಹುಟ್ಟಿದ್ದು 1843ರಲ್ಲಿ. ಅಂದರೆ ಸಂಘ ಕಟ್ಟಿದಾಗ ಅವರಿಗೆ ಅರವತ್ತು ದಾಟಿತ್ತು. ಮೊಮ್ಮಕ್ಕಳನ್ನು ಆಡಿಸುತ್ತಾ ಕಟ್ಟೆಯ ಮೇಲೆ ಕೂರುವ ವಯಸ್ಸು. ಆ ವಯಸ್ಸಿನಲ್ಲಿ ಯಾರೂ ಕಂಡು ಕೇಳಿರದ ಒಂದು ಹೊಸ ಕಾನೂನನ್ನು ನಂಬಿ, ತಮ್ಮ ಹೆಸರನ್ನೂ ಆಸ್ತಿಯನ್ನೂ ಊರವರ ಸಾಲಕ್ಕೆ ಒಡ್ಡುವುದೆಂದರೆ ಸಾಮಾನ್ಯವಲ್ಲ. 1933ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕನ್ನಡ ನಾಡಿನ ಊರೂರಿನಲ್ಲಿ ಸಂಘಗಳಾಗಿದ್ದನ್ನು ಅವರು ಕಂಡಿದ್ದರು.

ಗದಗ ಹುಬ್ಬಳ್ಳಿ ಸೀಮೆ ಹತ್ತಿಯ ಸೀಮೆ. ಸಾಲದ ನಂತರ ಅಲ್ಲಿಯ ರೈತರು ಕೈಹಾಕಿದ್ದು ಮಾರಾಟಕ್ಕೆ. ತೂಕದಲ್ಲಿ ಮೋಸ, ದಲ್ಲಾಳಿಯ ಕಾಟ ಯಾವ ರೈತನಿಗೆ ಗೊತ್ತಿಲ್ಲ? 1910ರ ದಶಕದಲ್ಲೇ ಅಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘಗಳು ಹುಟ್ಟಿದವು. ಆಗ ಮುಂಬಯಿ ಪ್ರಾಂತದಲ್ಲಿ ಗೌರವ ಸಂಘಟಕರು ಎಂಬ ಏರ್ಪಾಡಿತ್ತು. ಸಂಬಳ ಪಡೆಯದ ಈ ಮಹನೀಯರು ಹಳ್ಳಿಹಳ್ಳಿಗೆ ಹೋಗಿ ಸಂಘ ಅಂದರೇನು ಅಂತ ತಿಳಿಸಿ ಹೇಳಿ ಸದಸ್ಯರನ್ನು ಸೇರಿಸುತ್ತಿದ್ದರು.

ಇನ್ನು ದಕ್ಷಿಣ ಕನ್ನಡ. ಪುತ್ತೂರಿನ ಮೊಳಹಳ್ಳಿ ಶಿವರಾಯರು 1880ರಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ವಕೀಲರು. 1909ರಲ್ಲಿ ಪುತ್ತೂರಿನಲ್ಲಿ ಸಂಘ ಕಟ್ಟಿದಾಗ ಅವರಿಗೆ ಇಪ್ಪತ್ತೊಂಬತ್ತು. ಸಾಲದ ವ್ಯಾಜ್ಯಗಳು ನಡೆಯುವುದು ನ್ಯಾಯಾಲಯದಲ್ಲಿ, ಅವುಗಳಿಂದ ವಕೀಲರ ಮನೆ ನಡೆಯುವುದುಂಟು. ಇವರು ವ್ಯಾಜ್ಯವೇ ಬರದ ಹಾಗೆ ಮಾಡುವ ಕೆಲಸಕ್ಕೆ ಇಳಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಶುರುವಾದದ್ದು ಜಿಲ್ಲಾ ಕೇಂದ್ರ ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ಮಂಗಳೂರಿಗೆ ಹೋದದ್ದು ಆಮೇಲೆ. ಆ ಜಿಲ್ಲೆಯಲ್ಲಿ ಅವರನ್ನು ಸಹಕಾರದ ಪಿತಾಮಹ ಅಂತಲೇ ಕರೆಯುತ್ತಾರೆ. ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ ಅದೇ ಸೀಮೆಯಲ್ಲಿ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕಲೇಟ್ ಕಾರ್ಖಾನೆ ಎದ್ದಿತು. 1909ರಲ್ಲಿ ಒಬ್ಬ ವಕೀಲರು ನೆಟ್ಟ ಸಸಿಗೂ 1986ರ ಕಾರ್ಖಾನೆಗೂ ನೇರ ಸಂಬಂಧ ಹೇಳುವುದು ಕಷ್ಟ. ಆದರೆ ಸೇರಿ ಮಾಡುವ ರೂಢಿ ಒಂದು ಸೀಮೆಯಲ್ಲಿ ಬೇರೂರಿದರೆ ಅದು ಎರಡು ಮೂರು ತಲೆಮಾರು ಫಲ ಕೊಡುತ್ತದೆ ಅನ್ನುವುದಂತೂ ದಿಟ.

ಸಂಘ ಇತ್ತು, ಜನ ಇರಲಿಲ್ಲ

ಇಷ್ಟು ಓದಿ ಸಹಕಾರ ಎಲ್ಲ ಕಡೆ ಗೆದ್ದಿತು ಅಂತ ಯಾರೂ ತಿಳಿಯಬಾರದು. ಸ್ವಾತಂತ್ರ್ಯ ಬಂದ ಮೇಲೆ ರಿಸರ್ವ್ ಬ್ಯಾಂಕು ಗೋರವಾಲಾ ಅವರ ಅಧ್ಯಕ್ಷತೆಯ ಸಮಿತಿಯಿಂದ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿಸಿತು. 1954ರಲ್ಲಿ ವರದಿ ಬಂತು. ರೈತ ಮಾಡುವ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ 3.1 ಮಾತ್ರ, ಲೇವಾದೇವಿದಾರರ ಪಾಲು ನೂರಕ್ಕೆ ಸುಮಾರು 70. ಕಾಯಿದೆ ಬಂದು ಐವತ್ತು ವರ್ಷ ಆದ ಮೇಲಿನ ಲೆಕ್ಕ ಇದು!

ಆಮೇಲೆ ಸರ್ಕಾರ ಷೇರು ಹಣ ಹಾಕಿತು, ನೆರವು ಕೊಟ್ಟಿತು. ಅದು ಬೇಕಾಗಿಯೇ ಇತ್ತು. ಬೀಜ, ಗೊಬ್ಬರ, ಪಡಿತರ, ಬೆಳೆಸಾಲ ಎಲ್ಲವೂ ಸಂಘದ ಮೂಲಕ ಹಳ್ಳಿಗೆ ಬಂದವು. ಆದರೆ ಜತೆಯಲ್ಲೇ ಒಂದು ಗುಣ ಹೋಯಿತು. ಸಂಘ ಅಂದರೆ ಸರ್ಕಾರಿ ಕಚೇರಿ, ಸಾಲ ಅಂದರೆ ಸರ್ಕಾರದ್ದು, ಕಟ್ಟದಿದ್ದರೆ ಯಾವತ್ತೋ ಒಂದು ದಿನ ಮನ್ನಾ ಆಗುತ್ತದೆ ಅನ್ನುವ ಭಾವನೆ ಅನೇಕ ಕಡೆ ಬೆಳೆಯಿತು. ಪಕ್ಕದವನ ಸಾಲದ ಮೇಲೆ ಕಣ್ಣಿಡುವ ಕೆಲಸ ಯಾರದೂ ಅಲ್ಲವಾಯಿತು. ಹೆಡ್ಡೆಸ್‌ಡಾರ್ಫ್‌ನ ಧರ್ಮಸಂಘಕ್ಕೆ ಆದದ್ದೇ ಇಲ್ಲಿಯೂ ಆಯಿತು. ಅಲ್ಲಿ ಕೊಡುವವರು ಊರ ಸಿರಿವಂತರು, ಇಲ್ಲಿ ಸರ್ಕಾರ, ಅಷ್ಟೇ ವ್ಯತ್ಯಾಸ.

ಇದಕ್ಕೆ ಮರುಮಾತು ಬಂದದ್ದೂ ನಮ್ಮ ಕರ್ನಾಟಕದಿಂದಲೇ. 1984-85ರ ಹೊತ್ತಿಗೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹಳ್ಳಿಗಳಲ್ಲಿ ಹುಟ್ಟುಹಾಕಿದ್ದ ಕೆಲವು ಸಹಕಾರ ಸಂಘಗಳು ಒಡೆದುಹೋದವು. ಮುಂದಾಳುಗಳ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆದರೆ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಸೇರಿ ಸಂಸ್ಥೆಯವರ ಹತ್ತಿರ ಬಂದರು. ಸಂಘಕ್ಕೆ ಕಟ್ಟುವುದಿಲ್ಲ, ಬೇಕಾದರೆ ನಿಮಗೆ ಕಟ್ಟುತ್ತೇವೆ ಎಂದರು. ಸಂಸ್ಥೆಯವರು, ನಮಗೆ ಬೇಡ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಂಡು ನೀವೇ ಸಾಲ ಕೊಡಿ, ನೀವೇ ವಸೂಲು ಮಾಡಿ ಎಂದರು. ಹತ್ತು ಹದಿನೈದು ಜನ, ಒಬ್ಬರನ್ನೊಬ್ಬರು ಬಲ್ಲವರು, ವಾರಕ್ಕೊಮ್ಮೆ ಕೂರುವವರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ದೇಶಾದ್ಯಂತ ಶುರುವಾಯಿತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಈಗ ನಮ್ಮೂರ ಹೆಂಗಸರು ಅಂಗನವಾಡಿ ಜಗಲಿಯ ಮೇಲೆ ಕೂತು ಪುಸ್ತಕ ಬರೆಯುತ್ತಾರಲ್ಲ, ಅದಕ್ಕೆ ಹಿಂದಿನ ಕಥೆ ಇದು. ಅಲ್ಲಿ ಪುಸ್ತಕ ಬರೆಯುವವಳಿಗೂ ಸಂಬಳವಿಲ್ಲ. ಆದರೆ ಒಬ್ಬಳು ಕಂತು ತಪ್ಪಿಸಿದರೆ ಉಳಿದವರಿಗೆಲ್ಲ ಅದೇ ದಿನ ಗೊತ್ತಾಗುತ್ತದೆ. 1864ರ ಪಾಠವನ್ನು ಓದದೆಯೇ ಕಲಿತವರು ಅವರು.

ಮುನ್ನೂರ ನಲವತ್ತು ರೂಪಾಯಿಯ ಪಾಠ

ಇನ್ನು ನಮ್ಮ ಸಂಘದ ಒಂದು ಮಾತು. ಶುರುವಿನ ವರ್ಷಗಳಲ್ಲಿ ಕಾರ್ಯದರ್ಶಿಗೆ ಸಂಬಳ ಕೊಡುವ ಶಕ್ತಿ ಸಂಘಕ್ಕೆ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಲೆಕ್ಕ ಬರೆಯುತ್ತಿದ್ದೆ. ಷೇರು ಕೂಡಿಸಲು ರಾತ್ರಿ ಹೊತ್ತು ಬ್ಯಾಟರಿ ಹಿಡಿದು ಮನೆಮನೆ ಸುತ್ತಿದ್ದು ಬೇರೆ. "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂತ ನಮ್ಮ ಮನೆಯವರು ಬೈದದ್ದೂ ಉಂಟು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಹಸು ಕರುಗಳನ್ನು ನೋಡಿಕೊಂಡದ್ದು ಅವರೇ. ಸಂಘಕ್ಕೆ ನನ್ನ ದುಡಿಮೆ ಅಂತ ಬರೆದಿರುವುದರಲ್ಲಿ ಅರ್ಧ ಅವರದು.

ಮೂರನೇ ವರ್ಷ ಇರಬೇಕು, ನಗದು ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗಲಿಲ್ಲ. ಮುನ್ನೂರ ನಲವತ್ತು ರೂಪಾಯಿ ಕಮ್ಮಿ. ಎರಡೇ ದಿನದಲ್ಲಿ ಸುದ್ದಿ ಅರಳಿಕಟ್ಟೆಗೆ ಬಂತು. "ಬಿಟ್ಟಿ ಯಾಕೆ ಬರೀತಾರೆ ಅಂತಿದ್ವಿ, ಈಗ ಗೊತ್ತಾಯ್ತು" ಅಂದವರೂ ಇದ್ದರು. ನನಗೆ ಅನ್ನ ಇಳಿಯಲಿಲ್ಲ. ನನ್ನ ಜೇಬಿನಿಂದಲೇ ದುಡ್ಡು ಹಾಕಿ, ಪುಸ್ತಕ ಒಪ್ಪಿಸಿ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ಹೊರಟೆ. ಆಗ ಮಂಡಳಿಯಲ್ಲಿದ್ದ ಹಿರಿಯರೊಬ್ಬರು, ಅವರು ಓದು ಬರಹ ಕಲಿತವರಲ್ಲ, ನನ್ನನ್ನು ತಡೆದರು. "ಮೇಷ್ಟ್ರೇ, ನೀವು ದುಡ್ಡು ಹಾಕಿ ಮುಚ್ಚಿಬಿಟ್ರೆ ಇವತ್ತು ನಿಮ್ಮ ಮರ್ಯಾದೆ ಉಳೀತದೆ, ಸಂಘದ್ದು ಹೋಗ್ತದೆ. ನಾಳೆ ಬರೋನು ಇದನ್ನೇ ಕಲೀತಾನೆ. ತಪ್ಪು ಎಲ್ಲದೆ ಹುಡುಕಿ. ನಾವೂ ಕೂತ್ಕೋತೀವಿ" ಅಂದರು.

ಮೂರು ರಾತ್ರಿ ಕೂತೆವು. ನಾನು ಓದುವುದು, ಅವರು ರಸೀತಿ ಎತ್ತಿ ಕೊಡುವುದು. ಯಾವ ರಸೀತಿ ಯಾರದು ಅಂತ ಅವರಿಗೆ ಬಣ್ಣದ ಮೇಲೆ, ಮಡಿಸಿದ ರೀತಿಯ ಮೇಲೆ ಗೊತ್ತಾಗುತ್ತಿತ್ತು. ಕೊನೆಗೆ ಸಿಕ್ಕಿತು. ಗೊಬ್ಬರ ಹಂಚಿದ ದಿನದ ಗಡಿಬಿಡಿಯಲ್ಲಿ ಒಬ್ಬ ಸದಸ್ಯರ ಕಂತನ್ನು ನಾನು ಎರಡು ತಾರೀಖಿನಲ್ಲಿ ಎರಡು ಸಲ ಜಮಾ ಬರೆದಿದ್ದೆ. ಹಣ ಹೋಗಿರಲಿಲ್ಲ, ಬಂದೇ ಇರಲಿಲ್ಲ. ಮುಂದಿನ ಸಭೆಯಲ್ಲಿ ತಪ್ಪು ನನ್ನದೆಂದು ಎದ್ದು ನಿಂತು ಓದಿದೆ. ಆವತ್ತು ಸಭೆಗೆ ಜಾಗ ಸಾಲದಷ್ಟು ಜನ ಬಂದಿದ್ದರು. ನನ್ನನ್ನು ಅನುಮಾನಿಸಿದವರೂ ಬಂದಿದ್ದರು. ಆಗ ಅವರ ಮೇಲೆ ನನಗೆ ಸಿಟ್ಟಿತ್ತು. ಈಗ ಅನ್ನಿಸುತ್ತದೆ, ಅವರೂ ಸಂಘಕ್ಕೆ ದುಡಿದವರೇ. ಲೆಕ್ಕ ಕೇಳುವುದೂ ಒಂದು ಸೇವೆ.

ಯಾಕೆ ಬರುತ್ತಾರೆ, ಏನಾಗುತ್ತದೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜನ ಊರ ಕೆಲಸಕ್ಕೆ ಬರುವುದು ಒಂದೇ ಕಾರಣಕ್ಕಲ್ಲ. ಕೆಲವರು ಸ್ವಂತ ಕಷ್ಟದಿಂದ ಬರುತ್ತಾರೆ, ಸಾಹುಕಾರನ ಬಡ್ಡಿಯ ಬಿಸಿ ತಾಕಿದವನಿಗೆ ಸಂಘದ ಬೆಲೆ ಗೊತ್ತು. ಕೆಲವರು ರೈಫೈಸನ್ ಹಾಗೆ ಕಣ್ಣೆದುರಿನ ಸಂಕಟ ನೋಡಲಾರದೆ ಬರುತ್ತಾರೆ. ಕೆಲವರು ಹತ್ತು ಜನರ ನಡುವೆ ಒಳ್ಳೆಯ ಹೆಸರಿರಲಿ ಅಂತ ಬರುತ್ತಾರೆ, ಅದರಲ್ಲಿ ತಪ್ಪಿಲ್ಲ. ಮುಂದೆ ಪಂಚಾಯಿತಿ ಚುನಾವಣೆಗೆ ಅನುಕೂಲವಾಗಲಿ ಅಂತ ಬರುವವರೂ ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಬಂದ ಕಾರಣ ಏನೇ ಇರಲಿ, ಉಳಿಯುವ ಕಾರಣ ಮಾತ್ರ ಒಂದೇ. ತನ್ನ ದುಡಿಮೆಯನ್ನು ಊರು ಗಮನಿಸುತ್ತಿದೆ, ತನ್ನ ಜತೆ ಇನ್ನೂ ನಾಲ್ಕು ಹೆಗಲಿವೆ ಅನ್ನುವ ಧೈರ್ಯ ಇದ್ದರೆ ಉಳಿಯುತ್ತಾನೆ. ಇಲ್ಲದಿದ್ದರೆ ಒಳ್ಳೆಯವನು ದಣಿದು ಮನೆಗೆ ಹೋಗುತ್ತಾನೆ, ಅಲ್ಲದವನು ಕುರ್ಚಿಗೆ ಅಂಟಿಕೊಳ್ಳುತ್ತಾನೆ. ಕೆಟ್ಟ ಸಂಘಗಳ ಚರಿತ್ರೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಫಲ ಏನು? ಬಡ್ಡಿ ಇಳಿಯುತ್ತದೆ, ಗೊಬ್ಬರ ವೇಳೆಗೆ ಬರುತ್ತದೆ, ಅದು ಕಣ್ಣಿಗೆ ಕಾಣುವ ಫಲ. ಕಾಣದ ಫಲ ಬೇರೆ ಇದೆ. ಓದು ಬಾರದ ಹಿರಿಯರು ರಸೀತಿ ಗುರುತಿಸಲು ಕಲಿಯುತ್ತಾರೆ. ಮೇಷ್ಟ್ರು ತಪ್ಪು ಒಪ್ಪಿಕೊಳ್ಳಲು ಕಲಿಯುತ್ತಾನೆ. ಬೇರೆ ಬೇರೆ ಕೇರಿಯವರು ಒಂದೇ ಜಮಖಾನದ ಮೇಲೆ ಕೂತು ಜಗಳವಾಡಿ, ಕೊನೆಗೆ ಒಂದೇ ಠರಾವಿಗೆ ರುಜು ಹಾಕುತ್ತಾರೆ. ಹಾಗೆ ಕೂತು ಎದ್ದ ಊರಿಗೆ ನಾಳೆ ಬೋರ್‌ವೆಲ್ ಕೆಟ್ಟರೂ, ಮಳೆ ಹೆಚ್ಚಾಗಿ ಕೆರೆ ಏರಿ ಬಿರುಕು ಬಿಟ್ಟರೂ ಯಾರನ್ನು ಕರೆಯಬೇಕು ಅನ್ನುವುದು ಗೊತ್ತಿರುತ್ತದೆ.

ಕೆರೆಯ ನೀರುಗಂಟಿಗೆ ಊರವರು ಕಣದಲ್ಲಿ ಪಾಲು ಎತ್ತಿಡುತ್ತಿದ್ದರು ಅಂತ ಮೊದಲು ಹೇಳಿದ್ದೆ. ಸಂಘಕ್ಕೆ ದುಡಿಯುವವರಿಗೆ ನಾವು ಎತ್ತಿಡಬೇಕಾದ ಪಾಲು ದುಡ್ಡಲ್ಲ. ವರ್ಷಕ್ಕೆ ಒಂದು ದಿನ ಮಹಾಸಭೆಗೆ ಬಂದು ಕೂರುವುದು. ಜಮಾ ಖರ್ಚಿನ ಹಾಳೆ ಓದಿ ಒಂದು ಪ್ರಶ್ನೆ ಕೇಳುವುದು. ಕಂತನ್ನು ವಾಯಿದೆಗೆ ಕಟ್ಟುವುದು. ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಸಂಘದ ಜಗಲಿ ಹತ್ತಿಸುವುದು. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನದಲ್ಲಿ ಹೆಸರಿಗೆ ಒಬ್ಬರನ್ನು ಕೂರಿಸದೆ, ಸ್ತ್ರೀಶಕ್ತಿ ಗುಂಪಿನಲ್ಲಿ ಲೆಕ್ಕ ಬರೆದು ಪಳಗಿದವರನ್ನು ಕರೆತರುವುದು. ಇಷ್ಟೇ ನಮ್ಮ ಮುಯ್ಯಿ.

ವಿಶ್ವಸಂಸ್ಥೆಯು 2012ನ್ನು ಒಮ್ಮೆ, 2025ನ್ನು ಮತ್ತೊಮ್ಮೆ ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿತು. ಪ್ರತಿ ನವೆಂಬರಿನಲ್ಲಿ ಸಹಕಾರ ಸಪ್ತಾಹ ಬರುತ್ತದೆ, ಬಾವುಟ ಏರುತ್ತದೆ. ಎಲ್ಲವೂ ಸಂತೋಷವೇ. ಆದರೆ ಕಣಗಿನಹಾಳದ ಆ ಹಿರಿಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ ಮುಂದಿನ ಮಹಾಸಭೆಯಲ್ಲಿ ಗೊತ್ತಾಗುತ್ತದೆ. ಆವತ್ತು ಹನ್ನೊಂದು ಗಂಟೆಗೆ ಕೋರಂ ತುಂಬಬೇಕು, ಸಭೆ ಮುಂದೂಡುವ ಹಾಗಾಗಬಾರದು.

 ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ಸಂಚಿಕೆಗೆ ಇತಿಹಾಸ ಬರೆಯುವವರು ಇವತ್ತು ಶಾಲೆಗೆ ಹೋಗುತ್ತಿರುವ ನಮ್ಮೂರ ಮಕ್ಕಳೇ ಆಗಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.